ಕೊನೆಯ ವರ್ಷದ ವೈದ್ಯ ವಿದ್ಯಾರ್ಥಿ ಇಂದಿರಾನಗರಕ್ಕೂ ಬರಲಿ

ವೈದ್ಯಕೀಯ ಕಾಲೇಜಿನ ಪಾಠಪಟ್ಟಿಗೂ ಮಿಲ್ಲಿನ ಕಾರ್ಮಿಕನಿಗೂ, ಪೇಟೆಯ ಸಣ್ಣ ವ್ಯಾಪಾರಿಗೂ ಏನು ಸಂಬಂಧವೆಂದು ಕೆಲವು ಓದುಗರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ರಾತ್ರಿ ಹನ್ನೆರಡು ಗಂಟೆಗೆ ಮೂತ್ರ ಕಟ್ಟಿಕೊಂಡು ಒದ್ದಾಡುವ ಮುದುಕನನ್ನು ಮಗ ಸೈಕಲ್ಲಿನ ಮೇಲೋ ಆಟೋದಲ್ಲೋ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಾಗ, ಅಲ್ಲಿ ಎದುರಾಗುವವನು ದೊಡ್ಡ ಹೆಸರಿನ ತಜ್ಞನಲ್ಲ. ಆಗತಾನೆ ಪದವಿ ಪಡೆದ ಎಳೆಯ ಡಾಕ್ಟರು. ಅವನಿಗೆ ಕೆಲಸ ಗೊತ್ತಿದ್ದರೆ ಐದು ನಿಮಿಷದಲ್ಲಿ ಸಂಕಟ ನೀಗುತ್ತದೆ. ಗೊತ್ತಿಲ್ಲದಿದ್ದರೆ ಇನ್ನೊಂದು ಆಸ್ಪತ್ರೆ, ಅಲ್ಲಿಂದ ಮತ್ತೊಂದು ಆಸ್ಪತ್ರೆ. ಆದುದರಿಂದ ಆ ಡಾಕ್ಟರು ವಿದ್ಯಾರ್ಥಿಯಾಗಿದ್ದಾಗ ಏನು ಕಲಿತ, ಎಲ್ಲಿ ಕಲಿತ, ಯಾರ ನಡುವೆ ನಿಂತು ಕಲಿತ ಎಂಬುದು ನಮ್ಮ ಪ್ರಶ್ನೆಯೂ ಹೌದು.

ಹಣದ ಲೆಕ್ಕದಿಂದ ನೋಡಿದರೂ ಇದು ನಮ್ಮದೇ ಪ್ರಶ್ನೆ. ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ 1948ರಲ್ಲಿ ಆಯಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಪ್ರಾರಂಭವಾಯಿತು. 1958ರಲ್ಲಿ ಬೆಂಗಳೂರಿಗೆ ಬಂತು. 2019ರ ಜುಲೈ ತಿಂಗಳಿಂದ ಸಂಬಳದ ನೂರು ರೂಪಾಯಿಗೆ ಕಾರ್ಮಿಕನ ಪಾಲು 75 ಪೈಸೆ, ಮಾಲೀಕನ ಪಾಲು 3 ರೂಪಾಯಿ 25 ಪೈಸೆ ಎಂದು ಗೊತ್ತುಮಾಡಿದರು. ಮಾಲೀಕನ ಪಾಲು ಕೂಡ ನಮ್ಮ ದುಡಿಮೆಯಿಂದ ಹುಟ್ಟಿದ ಹಣವೇ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಯ ಹೆಸರು ಹೋಗಿರಬಹುದು. ಸಂಬಳದಲ್ಲಿ ಮುರಿಯುವ ಹಣ ಹೋಗಿಲ್ಲ. ಆ ನಿಧಿಯಿಂದಲೇ ಆಸ್ಪತ್ರೆಗಳು ನಡೆಯುತ್ತವೆ. ರಾಜಾಜಿನಗರದಲ್ಲಿಯೂ ಕಲಬುರಗಿಯಲ್ಲಿಯೂ ವಿಮಾ ನಿಗಮದ ವೈದ್ಯಕೀಯ ಕಾಲೇಜುಗಳೇ ಇವೆ. ಅಲ್ಲಿ ವಿಮಾದಾರ ಕಾರ್ಮಿಕರ ಮಕ್ಕಳಿಗೆಂದು ಮೀಸಲಿಟ್ಟ ಸೀಟುಗಳೂ ಉಂಟು. ಹೀಗಿರುವಾಗ ಡಾಕ್ಟರು ಹೇಗೆ ತಯಾರಾಗಬೇಕೆಂದು ಕೇಳುವ ಹಕ್ಕು ನಮಗಿಲ್ಲವೆಂದು ಯಾರು ಹೇಳಬಲ್ಲರು?

ಇವತ್ತು ನಾವು ಒಂದೇ ವಿಭಾಗದ ಮಾತನ್ನು ಎತ್ತಿಕೊಂಡಿದ್ದೇವೆ: ಯುರಾಲಜಿ, ಎಂದರೆ ಮೂತ್ರಪಿಂಡ, ಮೂತ್ರಕೋಶ, ಮೂತ್ರನಾಳ, ಗಂಡಸರ ಪ್ರಾಸ್ಟೇಟ್ ಗ್ರಂಥಿ ಮುಂತಾದವುಗಳ ಶಸ್ತ್ರವೈದ್ಯ. ಬಾಯಿಬಿಟ್ಟು ಹೇಳಲು ನಾಚಿಕೆಪಡುವ ಕಾಯಿಲೆಗಳು ಇವು. ಆದುದರಿಂದಲೇ ಇವುಗಳ ವಿಷಯದಲ್ಲಿ ಸಭೆ ಸೇರುವುದಿಲ್ಲ, ಮನವಿ ಬರೆಯುವುದಿಲ್ಲ, ಪತ್ರಿಕೆಯಲ್ಲೂ ಬರುವುದಿಲ್ಲ. ನಾಚಿಕೆಯ ಕಾರಣದಿಂದ ಸಾಯುವವರು ಬಡವರೇ ಹೆಚ್ಚು.

ಈ ಕಾಯಿಲೆಗಳಿಗೂ ದುಡಿಮೆಗೂ ಇರುವ ನಂಟನ್ನು ನೋಡಿ. ಬಿಸಿ ತುಂಬಿದ ಖಾತೆಯಲ್ಲಿ ಎಂಟು ಗಂಟೆ ಬೆವರು ಸುರಿಸುವವನ ಮೈಯಲ್ಲಿ ನೀರು ಇಳಿಯುತ್ತದೆ, ಮೂತ್ರ ಗಟ್ಟಿಯಾಗುತ್ತದೆ, ಅದರಲ್ಲಿರುವ ಲವಣ ಹರಳುಗಟ್ಟಿ ಕಲ್ಲಾಗುತ್ತದೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರು ಮೂತ್ರ ಹೋಗುವಷ್ಟು ನೀರು ಕುಡಿಯಬೇಕೆಂದು ವೈದ್ಯರು ಕಲ್ಲಿನ ರೋಗಿಗೆ ಹೇಳುತ್ತಾರೆ. ಹೇಳುವುದು ಸುಲಭ. ಮಗ್ಗ ಬಿಟ್ಟು ನೀರಿಗೆ ಹೋದರೆ ಮೇಸ್ತ್ರಿಯ ಕಣ್ಣು, ಶೌಚಕ್ಕೆ ಹೋದರೆ ಗಡಿಯಾರದ ಲೆಕ್ಕ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಶೌಚಾಲಯಕ್ಕೆ ಹೋಗುವ ಕಷ್ಟ ತಪ್ಪಿಸಲು ನೀರನ್ನೇ ಕುಡಿಯದೆ ಕೂರುವ ಅಕ್ಕತಂಗಿಯರು ಎಷ್ಟೋ ಮಂದಿ. ಕುಡಿಯುವ ನೀರು ಮತ್ತು ಶೌಚಾಲಯಗಳನ್ನು ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. 250ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಬೇಸಿಗೆಯಲ್ಲಿ ತಣ್ಣಗಿನ ನೀರು ಕೊಡಬೇಕೆಂದೂ ಹೇಳಿತ್ತು. ಕಾಗದದ ಮೇಲಿನ ನೀರಿನಿಂದ ಬಾಯಾರಿಕೆ ಹೋಗುವುದಿಲ್ಲ.

ಅಂಗಡಿಯವನ ಪಾಡೇನು ಬೇರೆಯಲ್ಲ. ಒಬ್ಬನೇ ಗಲ್ಲಾದ ಮೇಲೆ ಕೂತಿರುತ್ತಾನೆ. ಸಂತೆಯಲ್ಲಿ ಮೂತ್ರಾಲಯವಿಲ್ಲ, ಇದ್ದರೂ ಒಳಗೆ ಕಾಲಿಡುವಂತಿಲ್ಲ. ಅಂಗಡಿ ಬಿಟ್ಟು ಹೋದರೆ ಗಿರಾಕಿ ತಪ್ಪುತ್ತದೆ. ಹೀಗೆ ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಸಕ್ಕರೆ ಕಾಯಿಲೆಯೂ ಸೇರಿಕೊಳ್ಳುತ್ತದೆ, ಪ್ರಾಸ್ಟೇಟೂ ದಪ್ಪವಾಗುತ್ತದೆ. ಅವನ ಅಂಗಡಿಯ ಆಳಿಗಾದರೂ, ಹತ್ತು ಮಂದಿಯಿರುವ ಕಡೆ ವಿಮೆಯುಂಟು. ಯಜಮಾನನೆಂದು ಹೆಸರು ಹೊತ್ತ ಈ ಸಣ್ಣ ವ್ಯಾಪಾರಿಗೆ ಅದೂ ಇಲ್ಲ.

ಈಗ ಪಾಠಪಟ್ಟಿಯ ವಿಚಾರ. ಎಂ.ಬಿ.ಬಿ.ಎಸ್. ಓದಿನಲ್ಲಿ ಯುರಾಲಜಿಗೆ ಪ್ರತ್ಯೇಕ ಪರೀಕ್ಷೆಯಿಲ್ಲ. ಶಸ್ತ್ರವೈದ್ಯದ ಒಳಗೆ ಒಂದು ಅಧ್ಯಾಯವಾಗಿ ಅದು ಸೇರಿದೆ. ರಕ್ತಮೂತ್ರ, ಕಲ್ಲು, ಪ್ರಾಸ್ಟೇಟ್ ಎಲ್ಲವೂ ಪಟ್ಟಿಯಲ್ಲಿವೆ, ನಿಜ. ಆದರೆ ಪ್ರಾಸ್ಟೇಟನ್ನು ಬೆರಳಿನಿಂದ ಪರೀಕ್ಷಿಸುವ ವಿಧಾನವನ್ನು ಬೊಂಬೆಯ ಮೇಲೋ ಅದಕ್ಕೆ ಸಮನಾದ ಬೇರೆಯದರ ಮೇಲೋ ಮಾಡಿ ತೋರಿಸಿದರೆ ಸಾಕೆಂದು ಪಾಠಪಟ್ಟಿ ಹೇಳುತ್ತದೆ. ಕೈ ಪಳಗಿಸಲು ಬೊಂಬೆ ಬೇಕು, ಬೇಡವೆನ್ನುವುದಿಲ್ಲ. ಆದರೆ ಬೊಂಬೆಗೆ ನಾಚಿಕೆಯಿಲ್ಲ, ಭಯವಿಲ್ಲ, ನಾಳೆಯ ಪಾಳಿಯ ಚಿಂತೆಯಿಲ್ಲ. ಅರವತ್ತು ವರ್ಷದ ಮನುಷ್ಯನಿಗೆ ಇಪ್ಪತ್ತೆರಡರ ಹುಡುಗ, ಹುಡುಗಿ ಹೇಗೆ ಮಾತಾಡಿ ಒಪ್ಪಿಸಬೇಕೆಂಬುದನ್ನು ಬೊಂಬೆ ಕಲಿಸಲಾರದು.

ಇದಕ್ಕೊಂದು ದಾರಿ ನಿಯಮದಲ್ಲಿಯೇ ಇದೆ. 2019ರ ಪಾಠಕ್ರಮದಲ್ಲಿ ಹಿರಿಯ ವಿದ್ಯಾರ್ಥಿಗಳಿಗೆ ‘ಇಲೆಕ್ಟಿವ್’ ಎಂಬ ಹೆಸರಿನಲ್ಲಿ ಎರಡು ತಿಂಗಳ ಕಾಲವನ್ನು ಕೊಟ್ಟರು. ನಾಲ್ಕು ವಾರ ಪ್ರಯೋಗಶಾಲೆಯಲ್ಲಿ ಅಥವಾ ಸಂಶೋಧಕರೊಬ್ಬರ ಕೈಕೆಳಗೆ, ಇನ್ನು ನಾಲ್ಕು ವಾರ ರೋಗಿಗಳ ನಡುವೆ. ಈ ಎರಡನೆಯ ಭಾಗವನ್ನು ಯುರಾಲಜಿಯಂತಹ ವಿಶೇಷ ವಿಭಾಗದಲ್ಲಿ ಕಳೆಯಬಹುದು. ಹಳ್ಳಿಯ ಅಥವಾ ನಗರದ ಸಮುದಾಯ ಚಿಕಿತ್ಸಾಲಯದಲ್ಲಿಯೂ ಕಳೆಯಬಹುದು. ಹಾಜರಿ ಬೇಕು, ದಿನಚರಿ ಪುಸ್ತಕ ಬರೆಯಬೇಕು. ಬಹಳ ಕಾಲದ ಮೇಲೆ ಬಂದ ಒಳ್ಳೆಯ ಯೋಚನೆ ಇದು. ಆದರೆ 2023ರ ನಿಯಮಗಳಲ್ಲಿ ಆ ಎರಡು ತಿಂಗಳನ್ನು ಒಂದೇ ತಿಂಗಳಿಗೆ ಇಳಿಸಿ, ಹದಿನೈದು ಹದಿನೈದು ದಿನಗಳ ಎರಡು ತುಂಡು ಮಾಡಿದರು. ಕೊಟ್ಟ ಕೈಯೇ ಅರ್ಧ ಕಿತ್ತುಕೊಂಡಿತು.

ಅಮೆರಿಕದಲ್ಲಿ ಕೊನೆಯ ವರ್ಷದ ವೈದ್ಯ ವಿದ್ಯಾರ್ಥಿಗಳು ಯುರಾಲಜಿ ವಿಭಾಗಗಳಲ್ಲಿ ನಾಲ್ಕು ವಾರ ದುಡಿಯುವ ಪದ್ಧತಿಯುಂಟು. ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಹೋಗಿ ದುಡಿಯುವವರೂ ಬಹಳ. ಸಂಶೋಧನೆಗೆಂದು ಬೇರೆ ಅವಧಿಯನ್ನೂ ಕೊಡುತ್ತಾರೆ. ಆದರೆ ಅಲ್ಲಿ ಅದರ ಉದ್ದೇಶ ಬಹುಮಟ್ಟಿಗೆ ಆಯ್ಕೆ. ಯುರಾಲಜಿಸ್ಟ್ ಆಗಬೇಕೆಂಬ ವಿದ್ಯಾರ್ಥಿ ತನ್ನನ್ನು ತೋರಿಸಿಕೊಂಡು, ಪ್ರಾಧ್ಯಾಪಕರ ಶಿಫಾರಸು ಪಡೆದು, ಮುಂದಿನ ತರಬೇತಿಗೆ ಜಾಗ ಗಿಟ್ಟಿಸುವುದು. ನಮ್ಮಲ್ಲಿ ದಾರಿ ಬೇರೆ. ಎಂ.ಬಿ.ಬಿ.ಎಸ್. ಮುಗಿಸಿ, ಮೂರು ವರ್ಷ ಎಂ.ಎಸ್. ಓದಿ, ಪ್ರವೇಶ ಪರೀಕ್ಷೆ ಬರೆದು, ಮತ್ತೆ ಮೂರು ವರ್ಷ ಎಂ.ಸಿಎಚ್. ಓದಿದವರು ಯುರಾಲಜಿಸ್ಟ್. ಆದುದರಿಂದ ಅಮೆರಿಕದ ಪದ್ಧತಿಯನ್ನು ಹಾಗೆಯೇ ತಂದು ಹಚ್ಚಬೇಕೆಂದು ನಾವು ಹೇಳುವುದಿಲ್ಲ. ಇಲ್ಲಿ ಈ ಅವಧಿ ಯುರಾಲಜಿಸ್ಟ್ ಆಗಲಿರುವ ನೂರಕ್ಕೊಬ್ಬನಿಗಾಗಿ ಅಲ್ಲ, ಎಂದಿಗೂ ಯುರಾಲಜಿಸ್ಟ್ ಆಗದ ಉಳಿದವರಿಗಾಗಿ ಇರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ, ಇ.ಎಸ್.ಐ. ದವಾಖಾನೆಯಲ್ಲಿ, ನಮ್ಮ ಬೀದಿಯ ಕ್ಲಿನಿಕ್ಕಿನಲ್ಲಿ ಕೂರುವವರು ಅವರೇ.

ಹದಿನೈದು ದಿನದಲ್ಲಿ ಅವರು ಕಲಿಯಬೇಕಾದುದೇನು? ನಾಲ್ಕೇ ಸಂಗತಿಗಳನ್ನು ಹೇಳುತ್ತೇವೆ. ನಾಲ್ಕೂ ಜೀವದ, ಅಂಗದ ಪ್ರಶ್ನೆಗಳು.

ಒಂದು: ಮೂತ್ರ ಕಟ್ಟಿಕೊಂಡವನಿಗೆ ಶುಚಿಯಾಗಿ, ಗಾಯ ಮಾಡದೆ ನಳಿಗೆ ಹಾಕುವುದು, ಹೋಗದಿದ್ದರೆ ಬಲವಂತ ಮಾಡದೆ ತಜ್ಞರನ್ನು ಕರೆಯುವುದು. ಕಟ್ಟಿದ ಮೂತ್ರ ಹಿಂದಕ್ಕೆ ಒತ್ತಿ ಎರಡೂ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬೇಗ ಬಿಡಿಸಿದರೆ ಅವು ಚೇತರಿಸಿಕೊಳ್ಳುವ ಸಂಭವ ಹೆಚ್ಚು. ತಡವಾದರೆ ವಾರಕ್ಕೆರಡು ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ದಿನಗೂಲಿಯವನಿಗೆ ಅದೆಂದರೆ ಕೆಲಸ ಹೋದಂತೆಯೇ.

ಎರಡು: ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ಅದು ಮಾತ್ರೆ ಕೊಟ್ಟು ಕಳಿಸುವ ಸಂಗತಿಯಲ್ಲವೆಂದು ತಿಳಿಯುವುದು. ಸಣ್ಣ ಕಲ್ಲುಗಳು ಬಹುಮಟ್ಟಿಗೆ ತಾವಾಗಿಯೇ ಇಳಿದು ಹೋಗುತ್ತವೆ. ಆದರೆ ಅಡ್ಡ ಕೂತ ಕಲ್ಲಿನ ಹಿಂದೆ ಕೀವುಗಟ್ಟಿದರೆ ಆ ಕೀವನ್ನು ತಡಮಾಡದೆ ಹೊರಗೆ ಬಿಡಬೇಕು. ಇಲ್ಲವಾದರೆ ವಿಷ ರಕ್ತಕ್ಕೇರಿ ಮನುಷ್ಯ ಹೋಗುತ್ತಾನೆ.

ಮೂರು: ಹುಡುಗರ ವೃಷಣ ತಿರುಚಿಕೊಳ್ಳುವುದು. ಇದ್ದಕ್ಕಿದ್ದಂತೆ ನೋವು ಬರುತ್ತದೆ. ಹುಡುಗ ನಾಚಿಕೊಂಡು ಹೊಟ್ಟೆನೋವೆನ್ನುತ್ತಾನೆ. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅಂಗ ಉಳಿಯುತ್ತದೆ. ‘ನಾಳೆ ಬಾ’ ಎಂದರೆ ಉಳಿಯುವುದು ಕಷ್ಟ. ಹೊಟ್ಟೆನೋವೆಂದು ಬಂದ ಹುಡುಗನ ಪಂಚೆ ಸರಿಸಿ ನೋಡುವ ಅಭ್ಯಾಸವನ್ನು ಯಾರಾದರೂ ಕಲಿಸಬೇಕು.

ನಾಲ್ಕು: ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದು. ನೋವಿಲ್ಲವೆಂದು ರೋಗಿಯೂ ಸುಮ್ಮನಿರುತ್ತಾನೆ, ಉರಿಮೂತ್ರವೆಂದು ಡಾಕ್ಟರೂ ಮಾತ್ರೆ ಬರೆಯುತ್ತಾರೆ. ಹೆಂಗಸರಾದರಂತೂ ಮತ್ತೆ ಮತ್ತೆ ಅದೇ ಮಾತ್ರೆ. ಆದರೆ ಅದು ಮೂತ್ರಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು.

ಈ ನಾಲ್ಕನೆಯದರಲ್ಲಿ ಕಾರ್ಮಿಕ ವರ್ಗದ ಚರಿತ್ರೆಯೇ ಇದೆ. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಲೂಡ್ವಿಗ್ ರೇನ್ ಎಂಬ ಶಸ್ತ್ರವೈದ್ಯರು ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗೆಡ್ಡೆಗಳನ್ನು ಕಂಡು ವರದಿ ಮಾಡಿದರು. 1954ರಲ್ಲಿ ಬ್ರಿಟನ್ನಿನ ಕೇಸ್ ಮತ್ತು ಸಂಗಡಿಗರು ಅಲ್ಲಿನ ಬಣ್ಣದ ಉದ್ಯಮದ ಕೆಲಸಗಾರರ ದಾಖಲೆಗಳನ್ನು ಲೆಕ್ಕಹಾಕಿ, ಬೆಂಜಿಡಿನ್ ಮತ್ತು ನ್ಯಾಫ್ಥೈಲಮೈನ್ ಎಂಬ ವಸ್ತುಗಳ ನಡುವೆ ದುಡಿದವರಿಗೆ ಈ ರೋಗದ ಅಪಾಯ ಬಹಳ ಹೆಚ್ಚೆಂದು ತೋರಿಸಿದರು. ಎರಡು ವರದಿಗಳ ನಡುವೆ 59 ವರ್ಷ! ಅಷ್ಟು ಕಾಲ ಕಾರ್ಖಾನೆಗಳು ನಡೆದವು, ಲಾಭ ಬಂತು, ಕೆಲಸಗಾರರು ರಕ್ತ ಮೂತ್ರಿಸಿದರು. ನಮ್ಮ ದೇಶದಲ್ಲಿ ಬೆಂಜಿಡಿನ್ ಮೂಲದ ಬಣ್ಣಗಳ ಮೇಲೆ ನಿಷೇಧ ಬಂದದ್ದು 1990ರ ದಶಕದಲ್ಲಿ. ಈ ರೋಗ ವಿಷ ತಾಗಿದ ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ತಲೆಯೆತ್ತಬಹುದು. ಆದುದರಿಂದ ಆ ಕಾಲದಲ್ಲಿ ಬಣ್ಣದ ತೊಟ್ಟಿಯ ಬಳಿ ನಿಂತ ಮನುಷ್ಯ ಇಂದು ಮುದುಕನಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರಬಹುದು. ಬೀಡಿ ಸಿಗರೇಟು ಕೂಡ ಇದೇ ರೋಗಕ್ಕೆ ದೊಡ್ಡ ಕಾರಣ; ಅದನ್ನು ಮುಚ್ಚಿಟ್ಟು ಎಲ್ಲವನ್ನೂ ಕಾರ್ಖಾನೆಯ ತಲೆಗೆ ಕಟ್ಟುವುದು ಪ್ರಾಮಾಣಿಕತೆಯಲ್ಲ. ಆದರೆ ಬೀಡಿ ಸೇದುತ್ತೀಯಾ ಎಂದು ಕೇಳುವ ಡಾಕ್ಟರು, ಏನು ಕೆಲಸ ಮಾಡುತ್ತಿದ್ದೆ ಎಂದೂ ಕೇಳಬೇಕು. ರೋಗಿಯ ಕಸುಬನ್ನು ಕೇಳಬೇಕೆಂದು ಇಟಲಿಯ ರಾಮಜ್ಜೀನಿ 1700ರಲ್ಲಿಯೇ ಬರೆದಿಟ್ಟಿದ್ದಾರೆ. ಮುನ್ನೂರು ವರ್ಷ ದಾಟಿತು. ಆ ಪ್ರಶ್ನೆ ಇನ್ನೂ ನಮ್ಮ ಹೊರರೋಗಿ ಚೀಟಿಯ ಮೇಲೆ ಬಂದಿಲ್ಲ.

ಸಂಶೋಧನೆಯ ಅವಧಿಯ ಮಾತು ಇಲ್ಲಿಗೆ ಸೇರುತ್ತದೆ. ಸಂಶೋಧನೆಯೆಂದರೆ ಗಾಜಿನ ಕೋಣೆಯಲ್ಲಿ ನಡೆಯುವುದೆಂದು ಅನೇಕರ ಭಾವನೆ. ಕೇಸ್ ಮಾಡಿದ್ದು ದಾಖಲೆಗಳ ಲೆಕ್ಕ. ವಿಮಾ ಕಾರ್ಡುಳ್ಳ ಕಾರ್ಮಿಕ ಯಾವ ಕಾರ್ಖಾನೆಯವನೆಂಬುದು ಇ.ಎಸ್.ಐ. ವ್ಯವಸ್ಥೆಗೆ ಗೊತ್ತು, ಯಾವ ರೋಗಕ್ಕೆ ಬಂದನೆಂಬುದೂ ಗೊತ್ತು. ಇವೆರಡನ್ನು ಒಂದೇ ಹಾಳೆಯ ಮೇಲಿಟ್ಟು ನೋಡುವವರು ಬೇಕು. ಕಲ್ಲಿನ ರೋಗಿಗಳಲ್ಲಿ ಎಷ್ಟು ಮಂದಿ ಬಾಯ್ಲರಿನವರು, ಎಷ್ಟು ಮಂದಿ ಅಡುಗೆಮನೆಯವರು, ಎಷ್ಟು ಮಂದಿ ಹೊಲಿಗೆಯವರು? ನೀರಿನ ನಲ್ಲಿ ಎಷ್ಟು ದೂರ? ಪಾಳಿಯಲ್ಲಿ ಎಷ್ಟು ಸಲ ಎದ್ದು ಹೋಗಲು ಬಿಡುತ್ತಾರೆ? ಹದಿನೈದು ದಿನದಲ್ಲಿ ಒಬ್ಬ ವಿದ್ಯಾರ್ಥಿ ಇದನ್ನು ಮುಗಿಸಲಾರ. ಪ್ರಾರಂಭಿಸಬಲ್ಲ, ಮುಂದಿನವನು ಮುಂದುವರಿಸಬಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳ ಅಲ್ಪಾವಧಿ ಸಂಶೋಧನೆಗೆ 1979ರಲ್ಲಿಯೇ ಸಹಾಯಧನವನ್ನು ಪ್ರಾರಂಭಿಸಿತು. ಇಂಥ ಕೆಲಸಕ್ಕೆ ನೈತಿಕ ಸಮಿತಿಯ ಅನುಮತಿಯೂ ರೋಗಿಯ ಒಪ್ಪಿಗೆಯೂ ಬೇಕು. ಹೆಸರುಗಳು ಮಾಲೀಕನ ಕೈಗೆ ಹೋಗಕೂಡದು. ರೋಗದ ಪಟ್ಟಿಯೇ ಕೆಲಸದಿಂದ ತೆಗೆಯುವ ಪಟ್ಟಿಯಾಗಬಾರದು.

ಇನ್ನು ಇಂದಿರಾನಗರವನ್ನೇ ಏಕೆ ಹೆಸರಿಸಿದೆವೆಂದು ಹೇಳಬೇಕು. ಇಂದು ಆ ಹೆಸರು ಕೇಳಿದರೆ ನೂರಡಿ ರಸ್ತೆಯ ಹೋಟೆಲುಗಳೂ ದೀಪಗಳೂ ಕಣ್ಣಿಗೆ ಬರುತ್ತವೆ. 2011ರಲ್ಲಿ ಬೆಂಗಳೂರಿನ ಮೊದಲ ಮೆಟ್ರೋ ರೈಲು ಓಡಿದ್ದೂ ಅದೇ ದಾರಿಯಲ್ಲಿ. ಆದರೆ ಅಲ್ಲಿ ಇ.ಎಸ್.ಐ. ಆಸ್ಪತ್ರೆಯೂ ಇದೆ, ಅದೇ ಭಾಗದಲ್ಲಿ ಸರ್ ಸಿ.ವಿ. ರಾಮನ್ ಹೆಸರಿನ ಸರ್ಕಾರಿ ಆಸ್ಪತ್ರೆಯೂ ಇದೆ. ಪಕ್ಕದ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಕಾರ್ಖಾನೆಯಿತ್ತು, 2002ರಲ್ಲಿ ಮುಚ್ಚಿತು. ಕೃಷ್ಣರಾಜಪುರದ ಕಡೆಗೆ ಹೋದರೆ 1948ರಲ್ಲಿ ಹುಟ್ಟಿದ ಐ.ಟಿ.ಐ.ನ ದೂರವಾಣಿ ನಗರ. ಹಳೆಯ ಕಾರ್ಖಾನೆಗಳ ಕಾರ್ಮಿಕರು ಮುದುಕರಾಗಿದ್ದಾರೆ. ಹೊಸ ಹೋಟೆಲುಗಳ ಅಡುಗೆಯವರು, ಕಾವಲುಗಾರರು, ಅಂಗಡಿಯ ಹುಡುಗಿಯರು ಹೊಸ ಕಾರ್ಮಿಕರಾಗಿದ್ದಾರೆ. ದೀಪದ ಹಿಂದೆ ಒಲೆಯ ಮುಂದೆ ನಿಂತು ಬೆವರುವವನಿಗೂ ನಮ್ಮ ಮಿಲ್ಲಿನವನಿಗೂ ಕಲ್ಲು ಒಂದೇ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜಾಗಿದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡ ಮತ್ತು ಮೂತ್ರರೋಗಗಳಿಗೇ ಮೀಸಲಾದ ಸರ್ಕಾರಿ ಸಂಸ್ಥೆಯೊಂದಿದೆ. ರಾಜಾಜಿನಗರದಲ್ಲಿ ನಿಗಮದ ಕಾಲೇಜಿದೆ. ಕಲಿಸುವವರು ಪಶ್ಚಿಮಕ್ಕೂ ನಡುವಿಗೂ, ರೋಗಿಗಳು ಪೂರ್ವಕ್ಕೂ ಇದ್ದಾರೆ. ನಡುವೆ ಒಂದು ಬಸ್ಸಿನ ದಾರಿ. ವಿದ್ಯಾರ್ಥಿ ಆ ದಾರಿಯನ್ನು ದಾಟಲಿ ಎಂಬುದು ನಮ್ಮ ಬೇಡಿಕೆ. ಬೆಂಗಳೂರಿನಲ್ಲಿ ಇದು ಸಾಧ್ಯವಾದರೆ ಜಿಲ್ಲೆಗಳಲ್ಲಿಯೂ ಸಾಧ್ಯ. ಅಲ್ಲಿ ಆಗದಿದ್ದರೆ ನಮ್ಮ ಊರಿಗೆ ಬರುವುದು ಯಾವ ಕಾಲಕ್ಕೋ!

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ಮಾತಿದೆ. ಅದನ್ನು ಹೇಳುವವರು ನಮ್ಮವರೇ: ‘ಬಡವನ ಮೈಯೇ ಇವರ ಪಾಠಶಾಲೆಯೇ? ಸಾಹುಕಾರ ಖಾಸಗಿ ಕೋಣೆಯಲ್ಲಿ ಮಲಗುತ್ತಾನೆ, ವಿದ್ಯಾರ್ಥಿಗಳ ಗುಂಪು ನಮ್ಮ ಮಂಚದ ಸುತ್ತ ನಿಲ್ಲುತ್ತದೆ. ನಮ್ಮ ಮೇಲೆ ಕಲಿತು ಅವರಿಗೆ ಚಿಕಿತ್ಸೆ ಮಾಡಲು ಹೋಗುತ್ತಾರೆ.’ ಈ ಕೋಪ ನ್ಯಾಯವಾದುದು. ದಾನದ ಆಸ್ಪತ್ರೆಗಳ ಕಾಲದಿಂದ ನಡೆದುಬಂದ ಕ್ರಮ ಹಾಗೆಯೇ ಇದೆ. ಆದರೆ ಇದಕ್ಕೆ ಉತ್ತರ ವಿದ್ಯಾರ್ಥಿಯನ್ನು ಬಾಗಿಲಲ್ಲಿ ತಡೆಯುವುದಲ್ಲ. ತಡೆದರೆ ಅವನು ಕಲಿಯದೆ ಡಾಕ್ಟರಾಗುತ್ತಾನೆ, ಆಮೇಲೆ ಯಾರೂ ಪಕ್ಕದಲ್ಲಿಲ್ಲದ ರಾತ್ರಿಯಲ್ಲಿ, ಬಡವನ ಮೇಲೆಯೇ ಮೊದಲ ಸಲ ಕೈ ಇಡುತ್ತಾನೆ. ಅದಕ್ಕಿಂತ ಗುರುವಿನ ಕಣ್ಣೆದುರಿಗೆ, ರೋಗಿಯ ಒಪ್ಪಿಗೆ ಪಡೆದು, ಪರದೆ ಎಳೆದು, ಕಲಿಯುವುದು ಮೇಲಲ್ಲವೇ? ಬೇಡವೆನ್ನುವ ಹಕ್ಕು ರೋಗಿಗೆ ಇರಬೇಕು, ಬೇಡವೆಂದವನ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ಕೊರತೆ ಆಗಬಾರದು. ಇ.ಎಸ್.ಐ. ರೋಗಿ ದಾನ ಬೇಡಲು ಬಂದವನಲ್ಲ, ಹಣ ಕಟ್ಟಿದವನು. ಅವನು ಕಲಿಸಲು ಒಪ್ಪಿದರೆ ಅದು ಅವನ ಔದಾರ್ಯ, ಆಸ್ಪತ್ರೆಯ ಹಕ್ಕಲ್ಲ.

ಆದುದರಿಂದ ನಾವು ಕೇಳುವುದು ಇಷ್ಟು. ಇಲೆಕ್ಟಿವ್ ಅವಧಿಯನ್ನು ಮತ್ತೆ ಎರಡು ತಿಂಗಳಿಗೆ ಏರಿಸಬೇಕು. ಯುರಾಲಜಿಯನ್ನು ಆರಿಸಿಕೊಂಡ ವಿದ್ಯಾರ್ಥಿ ಅರ್ಧ ಕಾಲವನ್ನು ಕಲಿಸುವ ಆಸ್ಪತ್ರೆಯಲ್ಲಿಯೂ ಉಳಿದರ್ಧವನ್ನು ಇಂದಿರಾನಗರದಂತಹ ಇ.ಎಸ್.ಐ. ಆಸ್ಪತ್ರೆಯ, ಸಾರ್ವಜನಿಕ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿಯೂ ಕಳೆಯಬೇಕು. ಎಲ್ಲಿ ಯುರಾಲಜಿಸ್ಟ್ ಇಲ್ಲವೋ ಅಲ್ಲಿಗೆ ಸರ್ಕಾರಿ ಸಂಸ್ಥೆಯಿಂದ ವಾರಕ್ಕೊಂದು ದಿನ ತಜ್ಞರನ್ನು ಕಳಿಸಬೇಕು. ಗುರುವಿಲ್ಲದ ಕಡೆ ಶಿಷ್ಯನನ್ನು ಬಿಡಬಾರದು. ಇಲೆಕ್ಟಿವ್ ಆರಿಸಿಕೊಳ್ಳದವರಿಗೂ ಇಂಟರ್ನ್‌ಷಿಪ್ಪಿನ ಶಸ್ತ್ರವೈದ್ಯ ಅವಧಿಯಲ್ಲಿ ಮೇಲೆ ಹೇಳಿದ ನಾಲ್ಕು ಸಂಗತಿಗಳನ್ನು ಕಡ್ಡಾಯವಾಗಿ ಕಲಿಸಬೇಕು. ಹೊರರೋಗಿ ಚೀಟಿಯಲ್ಲಿ ಕಸುಬಿಗೆ ಒಂದು ಸಾಲು ಬೇಕು. ಈಗಿನದು ಮಾತ್ರವಲ್ಲ, ಹಿಂದಿನದೂ.

ಇದರಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಾಗಿಲ್ಲ, ಶಂಕುಸ್ಥಾಪನೆಯ ಕಲ್ಲು ಬೇಕಾಗಿಲ್ಲ. ಬಹುಶಃ ಅದಕ್ಕೇ ಯಾವ ಮಂತ್ರಿಯೂ ಇದರ ಮಾತೆತ್ತುವುದಿಲ್ಲ.

ನಮ್ಮ ಪಾಲಿಗೂ ಒಂದು ಕೆಲಸವಿದೆ. ಯೂನಿಯನ್ನಿನ ಸಭೆಯಲ್ಲಿ ಬೋನಸ್ಸಿನ ಮಾತು ಮುಗಿದ ಮೇಲೆ ನೀರಿನ ನಲ್ಲಿಯ ಮಾತು, ಮೂತ್ರಾಲಯದ ಮಾತು ಬರಲಿ. ವರ್ತಕರ ಸಂಘ ಸಂತೆಯ ಶೌಚಾಲಯಕ್ಕಾಗಿ ಪುರಸಭೆಯ ಬಾಗಿಲು ತಟ್ಟಲಿ. ಮೂತ್ರದಲ್ಲಿ ಒಂದು ಸಲ ರಕ್ತ ಕಂಡರೂ, ನೋವಿರಲಿ ಇಲ್ಲದಿರಲಿ, ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳದಿದ್ದರೂ ನಿಮ್ಮ ಕಸುಬನ್ನು ನೀವೇ ಹೇಳಿ: ಎಷ್ಟು ವರ್ಷ, ಯಾವ ಖಾತೆ, ಯಾವ ಬಣ್ಣ, ಯಾವ ಎಣ್ಣೆ. ಪಕ್ಕದಲ್ಲಿ ನಿಂತ ವಿದ್ಯಾರ್ಥಿ ಅದನ್ನು ಬರೆದುಕೊಳ್ಳಲಿ. ಅವನ ಪುಸ್ತಕದಲ್ಲಿ ಇಲ್ಲದ ಪಾಠ ಅದು, ಅದನ್ನು ಹೇಳಬಲ್ಲವರು ನಾವೇ.